ಹಾರುವ ಎಮ್ಮೆಗೆ ರೈಟ್ ಹಾಕಿದ ಬೆಳ್ಳಕ್ಕಿ

ಕೆರೆಯ ಪಕ್ಕದ ಹೈಸ್ಕೂಲಿನಲ್ಲಿ ಬೆಳ್ಳಕ್ಕಿಯೇ ಇಂಗ್ಲಿಷ್ ಮೇಷ್ಟ್ರು. ನಾನೂ ಅಲ್ಲೇ ಓದಿದವನು, ನಂಬಿದರೆ ನಂಬಿ. ಒಂದು ದಿನ ಮೇಷ್ಟ್ರು, ಮಕ್ಕಳೆಲ್ಲ ತಮ್ಮ ತಮ್ಮ ಬಗ್ಗೆ ಒಂದು ಪುಟ ಇಂಗ್ಲಿಷಿನಲ್ಲಿ ಬರೆದು ತರಬೇಕೆಂದರು. ಎಮ್ಮೆ ಪಕ್ಕದ ಗಿಳಿಯ ನೋಟ್‌ಬುಕ್ ಇಸಿದುಕೊಂಡು ಒಂದಕ್ಷರ ಬಿಡದೆ ನಕಲು ಮಾಡಿತು. ಮೇಷ್ಟ್ರು ಒಂದಕ್ಷರ ಓದದೆ ಕೆಂಪು ಶಾಯಿಯಲ್ಲಿ ರೈಟ್ ಹಾಕಿ ಸಹಿ ಮಾಡಿದರು.

ಮರುದಿನ ತನಿಖೆಗೆ ಬಂದ ಮುಂಗುಸಿ ಸಾಹೇಬರು ಎಮ್ಮೆಯನ್ನೇ ಎಬ್ಬಿಸಿದರು. "ಓದಮ್ಮ."

ಎಮ್ಮೆ ಗಟ್ಟಿಯಾಗಿ ಓದಿತು. ಕನ್ನಡದಲ್ಲಿ ಹೇಳುವುದಾದರೆ, "ನನ್ನ ಮೈ ಹಸಿರು. ನನ್ನ ಕೊಕ್ಕು ಕೆಂಪು. ದಿನಾ ಬೆಳಿಗ್ಗೆ ನಾನು ಪೇರಲೆ ಮರಕ್ಕೆ ಹಾರುತ್ತೇನೆ."

ಸಾಹೇಬರು ಕನ್ನಡಕ ಒರೆಸಿಕೊಂಡರು. "ಏನ್ರೀ ಮೇಷ್ಟ್ರೇ, ಇದು ಹಾರುತ್ತಾ?"

ಓದಿಲ್ಲ ಎಂದು ಒಪ್ಪಿಕೊಂಡರೆ ಕೆಲಸ ಹೋಗುತ್ತದೆ. ಮೇಷ್ಟ್ರು ಕತ್ತು ನೀಳ ಮಾಡಿ, "ಹಾರುತ್ತೆ ಸಾರ್. ಕಣ್ಣಾರೆ ನೋಡಿಯೇ ಸಹಿ ಹಾಕಿದ್ದು," ಎಂದರು.

"ಹಾಗಾದರೆ ಹಾರಿಸಿ ತೋರಿಸಿ. ಅಲ್ಲಿಯವರೆಗೆ ನಿಮ್ಮ ಕೆಲಸದ ವಿಷಯ ನಾನು ತೀರ್ಮಾನಿಸೋದಿಲ್ಲ."

ಎಮ್ಮೆ ಮೆಲುಕು ಹಾಕುತ್ತಾ ಹೇಳಿತು. "ರೈಟ್ ಹಾಕಿದವರು ನೀವು ಸಾರ್. ನೀವೇ ಎತ್ತಿ."

ಮೇಷ್ಟ್ರು ಅದರ ಬೆನ್ನೇರಿ, ಚರ್ಮ ಕಚ್ಚಿ ಮೇಲಕ್ಕೆಳೆಯತೊಡಗಿದರು. ಇವತ್ತಿಗೂ ಬಿಟ್ಟಿಲ್ಲ. ಎಮ್ಮೆಯ ಮೇಲೆ ಕೂತ ಬೆಳ್ಳಕ್ಕಿಯನ್ನು ಕಂಡು, ಹುಳ ಹೆಕ್ಕುತ್ತಿದೆ ಎಂದು ನೀವೆಲ್ಲ ಅಂದುಕೊಂಡಿದ್ದೀರಿ. ಪಾಪ, ಮೇಷ್ಟ್ರು ಕೆಲಸ ಉಳಿಸಿಕೊಳ್ಳುತ್ತಿದ್ದಾರೆ.