ಮೂಲೆ ಬಿಡದ ಬ್ರಷ್ಷು

"ಬುದ್ಧಿ, ಹಳೇದೆಲ್ಲ ಒಂದು ಚೂರೂ ಉಳಿಯದ ಹಾಗೆ ಮನಸ್ಸಿಂದ ಅಳಿಸಿ ಹಾಕೋದು ಹೇಗೆ?" ಅಂತ ಮಠಕ್ಕೆ ಹೊಸದಾಗಿ ಸೇರಿದ ಸಿದ್ಧಮಲ್ಲ ಗುರುಗಳನ್ನ ಕೇಳಿದ. ಬೋಳಿಸಿದ ತಲೆಗೆ ಇನ್ನೂ ಬಿಸಿಲು ಒಗ್ಗಿರಲಿಲ್ಲ, ಆಗಲೇ ವೈರಾಗ್ಯಕ್ಕೆ ಅವಸರ ಅವನಿಗೆ. ಮನೆ, ಊರು, ಬಿಟ್ಟು ಬಂದವರ ಮುಖ, ಎಲ್ಲ ಒಂದೇ ಸಲಕ್ಕೆ ಹೋಗಬೇಕು.

ಗುರುಗಳು ಬೆನ್ನು ಕೆರೆದುಕೊಂಡು, "ಕೂತ್ಕೋ. ಒಬ್ಬ ಪೇಂಟರ್ ಇದ್ದ" ಅಂತ ಶುರು ಮಾಡಿದರು.

ಊರವರ ಮನೆಗೆಲ್ಲ ಬಣ್ಣ ಹೊಡೆಯೋನು. ತನ್ನ ಮನೆ ಗೋಡೆ ಮಾತ್ರ ಸುಣ್ಣ ಕಂಡು ಯಾವ ಕಾಲವೋ. ಅವನ ಅವ್ವ ಪ್ರತಿ ದೀಪಾವಳಿಗೂ ಕೇಳೋಳು, "ಏನಪ್ಪಾ ಸಾಹೇಬ, ನಮ್ಮನೆ ನಿನ್ನ ಕಣ್ಣಿಗೆ ಯಾವಾಗ ಬೀಳುತ್ತೆ?" ಇವನು, "ಮುಂದಿನ ಹಬ್ಬಕ್ಕೆ ಗ್ಯಾರಂಟಿ ಕಣವ್ವ" ಅನ್ನೋನು. ಹಾಗೆ ಅನ್ನುತ್ತಾ ಇರೋವಾಗಲೇ ಅವ್ವ ತೀರಿಕೊಂಡಳು. ಸಾವಾದ ಮನೆಗೆ ವರ್ಷ ತುಂಬೋವರೆಗೂ ಬಣ್ಣ ಮುಟ್ಟಿಸಬಾರದು ಅಂದರು ಹಿರಿಯರು.

ಆ ವರ್ಷ ಪೂರ್ತಿ ಅವನು ಒಂದು ಬ್ರಷ್ಷು ಮಾಡುತ್ತಾ ಕೂತ. ಅವ್ವನಿಗೆ ಕೊಟ್ಟ ಮಾತು ಈಗಲಾದರೂ ನಡೆಸಬೇಕು, ಒಂದು ಮೂಲೆಯನ್ನೂ ಬಿಡಬಾರದು ಅಂತ ಹಟ. ಹಿಡಿಯಲ್ಲಿರೋ ತಿರುಪು ಆ ಕಡೆ ತಿರುಗಿಸಿದರೆ ಕೂದಲು ಅಂಗೈಯಗಲ ಬಿಚ್ಚಿಕೊಳ್ಳೋದು, ಈ ಕಡೆ ತಿರುಗಿಸಿದರೆ ಕಾಡಿಗೆ ಕಡ್ಡಿಯಷ್ಟು ಸಣ್ಣಗಾಗೋದು. ಬ್ರಷ್ಷಿನ ಕತ್ತು ಹೇಳಿದ ಹಾಗೆ ಬಗ್ಗೋದು. "ಇದೇನು ಮಾರಾಯ, ಬ್ರಷ್ಷೋ, ಮುರಿದ ಛತ್ರಿಯೋ?" ಅಂತ ಜೊತೆಯವರು ಆಡಿಕೊಂಡರು. ಕೆಲಸಕ್ಕೆ ಹೋದ ಮನೆಯಲ್ಲಿ ತೊಲೆ ಸಂದಿ, ಕಿಟಕಿ ಕಂಬಿ ಹಿಂದೆ, ಮೊಳೆ ಸುತ್ತ ಎಲ್ಲ ಬಣ್ಣ ಮುಟ್ಟಿಸಿ ತೋರಿಸಿದಾಗ ಅವರೇ ಬಂದು ಬ್ರಷ್ಷನ್ನ ತಿರುಗಿಸಿ ತಿರುಗಿಸಿ ನೋಡಿದರು.

ಅವ್ವನ ವರ್ಷದ ಎಡೆ ಮುಗೀತು. ಅಪ್ಪನನ್ನ ಸೋದರತ್ತೆ ಮನೆಗೆ ಕಳಿಸಿ ಕೆಲಸಕ್ಕೆ ನಿಂತ. ಎಲ್ಲ ಸಲೀಸು. ಅಡುಗೆಮನೆ ಬಾಗಿಲ ಪಕ್ಕ ರೊಟ್ಟಿಯಷ್ಟಗಲ ಒಂದು ಎಣ್ಣೆ ಕಲೆ ಇತ್ತು, ಅದು ಮಾತ್ರ ಸತಾಯಿಸಿತು. ಬಣ್ಣ ಒಣಗುತ್ತಿದ್ದ ಹಾಗೆ ಮತ್ತೆ ಮೇಲೆದ್ದು ಬರೋದು. ಸೋಡಾ ಹಾಕಿ ಉಜ್ಜಿದ, ಕೆರೆದ, ಪುಟ್ಟಿ ತುಂಬಿದ, ಬ್ರಷ್ಷನ್ನ ಸಣ್ಣ ಮಾಡಿ ಅಂಚು ಅಂಚೇ ಮುಚ್ಚಿದ. ಕೊನೆಗೆ ಗೋಡೆ ಕನ್ನಡಿ ಹಾಗೆ ಹೊಳೀತು.

ಅಪ್ಪ ಬಂದ. ಸುತ್ತ ನೋಡಿ "ಭೇಷ್" ಅಂದ. ಆಮೇಲೆ ಅಡುಗೆಮನೆ ಬಾಗಿಲ ಹತ್ತಿರ ಕೂತು ಗೋಡೆ ತಡವಿದ.

"ಇಲ್ಲೊಂದು ಕಲೆ ಇತ್ತಲ್ಲೋ?"

"ಸಾಕು ಸಾಕು ಮಾಡ್ತು ಕಣಪ್ಪ ಅದು! ಬಿಡ್ತೀನಾ ನಾನು? ಬೇರು ಸಮೇತ ತೆಗೆದೆ."

ಅಪ್ಪ ಕೈ ತೆಗೆಯಲಿಲ್ಲ. "ನಿಮ್ಮವ್ವ ತಲೆ ಒರಗಿಸಿ ಕೂರೋಳು ಇಲ್ಲಿ. ಅವಳು ಹೋದ ಮೇಲೂ ದಿನಾ ಆ ಕಲೆ ಎದುರಿಗೇ ಕೂತು ಉಣ್ತಿದ್ದೆ ನಾನು" ಅಂದ.

ಮಗನಿಗೆ ಅದು ಗೊತ್ತೇ ಇರಲಿಲ್ಲ. ಹೊತ್ತು ಮುಳುಗೋವರೆಗೂ ಬೇರೆಯವರ ಮನೆ ಗೋಡೆ ನೋಡುತ್ತಾ ಇರೋನು ಅವನು. ಅಪ್ಪ ಬೈಯಲಿಲ್ಲ. ತಟ್ಟೆ ಎತ್ತಿಕೊಂಡು ಜಗುಲಿಗೆ ಹೋಗಿ ಉಂಡ.

ಪೇಂಟರ್ ಅವ್ವ ತಲೆಗೆ ಹಚ್ಚಿಕೊಳ್ಳುತ್ತಿದ್ದ ಹರಳೆಣ್ಣೆ ಬಾಟಲಿ ಹುಡುಕಿ ತೆಗೆದ. ಬ್ರಷ್ಷಿನ ಕೂದಲನ್ನ ಪೂರಾ ಬಿಚ್ಚಿ, ಎಣ್ಣೆಯಲ್ಲಿ ಅದ್ದಿ, ಅದೇ ಜಾಗಕ್ಕೆ ಹಚ್ಚಿದ. ಹಳೇ ಸುಣ್ಣದ ಗೋಡೆಯಾಗಿದ್ದರೆ ಕುಡೀತಿತ್ತು. ಈ ಹೊಳೆಯೋ ಬಣ್ಣ ಒಂದು ಹನಿಯನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ, ಎಣ್ಣೆ ಸೋರಿ ನೆಲಕ್ಕಿಳೀತು. ಒರೆಸಿ ಮತ್ತೆ ಹಚ್ಚಿದ. ಮತ್ತೆ ಸೋರಿತು. ಕೊನೆಗೆ ಉಳಿದ ಎಣ್ಣೆಯನ್ನ ತನ್ನ ತಲೆಗೇ ಸುರಿದುಕೊಂಡು, ಆ ಗೋಡೆಗೆ ಒರಗಿ ಕೂತ.

ಗುರುಗಳು ಕಥೆಯನ್ನ ಅಲ್ಲಿಗೇ ನಿಲ್ಲಿಸಿದರು.

"ಆಮೇಲೆ, ಬುದ್ಧಿ? ಕಲೆ ವಾಪಸ್ ಬಂತಾ?" ಸಿದ್ಧಮಲ್ಲನಿಗೆ ತಡೆಯಲಾಗಲಿಲ್ಲ.

"ಅದಿರಲಿ, ನೀನು ಅಳಿಸಬೇಕು ಅಂತಿದೀಯಲ್ಲ, ಆ ಜಾಗಕ್ಕೆ ಯಾರು ಒರಗಿದ್ದರು?" ಅಂದರು ಗುರುಗಳು.

ಸಿದ್ಧಮಲ್ಲ ತನ್ನ ಬೋಳು ತಲೆ ಸವರಿಕೊಂಡು, ಬಿಟ್ಟು ಬಂದ ಊರಿನ ದಾರಿ ಕಡೆ ತಿರುಗಿ ನೋಡಿದ.