ಹಾಜರಿ ಬಂಡೆ

ನಮ್ಮ ಬೈರಗಾನಹಳ್ಳಿಯ ಪಡುವಣಕ್ಕಿರುವ ಹುಲ್ಲುಗುಡ್ಡದ ನೆತ್ತಿಯಲ್ಲಿ ಬೋಳು ಬಂಡೆಯೊಂದಿದೆ. ಅದಕ್ಕೆ ಹಾಜರಿ ಬಂಡೆ ಎಂದು ಹೆಸರು. ಯಾವನೋ ಪಾಳೇಗಾರ ಅಲ್ಲಿ ಸೈನಿಕರ ಹಾಜರಿ ಹಿಡಿಯುತ್ತಿದ್ದನೆಂದು ಫೋಟೊ ತೆಗೆಯಲು ಬರುವವರು ಬಾಯಿಗೆ ಬಂದದ್ದು ಹೇಳುತ್ತಾರೆ. ಅಯ್ಯೋ, ಬಿಡಿ! ಮೂವತ್ತು ವರ್ಷ ಮೇಷ್ಟ್ರಾಗಿದ್ದವನು ಹೇಳುತ್ತೇನೆ, ಕೇಳಿ. ಅಲ್ಲಿ ಹಾಜರಿ ಕೂಗಿದ್ದು ಒಬ್ಬ ಹೆಂಗಸು.

ಹಿಂದೆ ಒಮ್ಮೆ, ಬಿಳಿಯರ ಆಳ್ವಿಕೆಯಲ್ಲಿ, ಗುಡ್ಡದ ಬುಡದಲ್ಲಿ ಇಂಗ್ಲಿಷ್ ಹುಡುಗರ ವಸತಿ ಶಾಲೆಯಿತ್ತು. ಇಂಗ್ಲೆಂಡಿನ ದೊಡ್ಡ ಶಾಲೆಗಳಿಗೆ ಕಳಿಸುವ ಮೊದಲು ಏಳೆಂಟು ವರ್ಷದ ಮಕ್ಕಳನ್ನು ಅಲ್ಲಿ ತಿದ್ದಿ ತೀಡುತ್ತಿದ್ದರು. ಮುಖ್ಯಸ್ಥೆ ಮಿಸ್ ವಿನ್ಸ್ಲೋ ಎಂಬ ದೊರೆಸಾನಿ. ಆಕೆಗೆ ಕನ್ನಡ ಚೆನ್ನಾಗಿ ಬರುತ್ತಿತ್ತು, ಶಿಸ್ತು ಅದಕ್ಕಿಂತ ಚೆನ್ನಾಗಿ! ತಡವಾಗಿ ಬಂದವನು ಬಾಗಿಲ ಹೊರಗೆ ನಿಲ್ಲಬೇಕು. ಹಾಜರಿಯಲ್ಲಿ ತನ್ನ ಹೆಸರು ಕೂಗಿದರೂ ತುಟಿ ಬಿಚ್ಚಕೂಡದು. 'ಒಳಗೆ ಬಾ' ಎಂಬ ಅಪ್ಪಣೆಯಾದ ಮೇಲಷ್ಟೇ ಓಗೊಡಬೇಕು. ದಿನಾ ಹಾಲು ಹಾಕುತ್ತಿದ್ದ ಗೊಲ್ಲರ ಕಾಟಮ್ಮನಿಗೆ ಹಾಗೆ ಮೂಕರಂತೆ ನಿಂತ ಮಕ್ಕಳನ್ನು ಕಂಡರೆ ಕರುಳು ಚುರ್ ಎನ್ನುತ್ತಿತ್ತಂತೆ.

ಒಂದು ಬೇಸಿಗೆಯಲ್ಲಿ ದೊರೆಸಾನಿ ಇಪ್ಪತ್ತು ಹುಡುಗರನ್ನು ಗುಡ್ಡ ಹತ್ತಿಸಿದ್ದಾಗ ಒಣಹುಲ್ಲಿಗೆ ಬೆಂಕಿ ಬಿತ್ತು. ಮಕ್ಕಳನ್ನೆಲ್ಲ ಬಂಡೆಯ ಮೇಲೆ ಹತ್ತಿಸಿ, ಎದುರಿನವರ ಮುಖ ಕಾಣದ ಹೊಗೆಯಲ್ಲಿ ಆಕೆ ಹಾಜರಿ ಕೂಗಿದಳು. ಹತ್ತೊಂಬತ್ತು ಮಂದಿ ಓಗೊಟ್ಟರು. ಪೆನ್‌ರೋಸ್ ಎಂಬ ಪುಟ್ಟವನ ಸದ್ದೇ ಇಲ್ಲ. ಅಷ್ಟರಲ್ಲಿ ಕಾಟಮ್ಮ ತನ್ನ ಮೈದುನರನ್ನು ಕರೆದುಕೊಂಡು ಆಡಿನ ಜಾಡು ಹಿಡಿದು ಮೇಲೆ ಬಂದಳು. ಮೈದುನರು ಹತ್ತೊಂಬತ್ತು ಮಕ್ಕಳನ್ನೂ ಇಳಿಸಿಕೊಂಡು ಹೋದರು. ಬೆಂಕಿ ಜಾಡಿನ ಅಂಚಿಗೂ ಬಂತು, ದೊರೆಸಾನಿ ಮಾತ್ರ ಕದಲಲಿಲ್ಲ. 'ಪೆನ್‌ರೋಸ್! ಪೆನ್‌ರೋಸ್!' ಎಂಬ ಆ ಕೂಗು ಬೆಂಕಿಯ ಸದ್ದನ್ನೂ ಮೀರಿ ಊರಿಗೆ ಕೇಳಿಸಿತು, ಕೇಳಿದವರು ನಿಂತಲ್ಲೇ ಕೈಮುಗಿದರು ಎನ್ನುತ್ತಾರೆ. ಬಂಡೆಗೆ ಹೆಸರು ಬಿದ್ದದ್ದು ಅಂದೇ.

ಕಾಟಮ್ಮನಿಗೆ ಥಟ್ಟನೆ ಹೊಳೆಯಿತು. "ಅಮ್ಮಾವ್ರೇ, ಬರೀ ಹೆಸರು ಕೂಗಿದ್ರೆ ಹೆಂಗೆ? ಮಗ ಹಿಂದೆ ಬಿದ್ದು ತಡ ಮಾಡವ್ನೆ, ನಿಮ್ಮ ಅಪ್ಪಣೆ ಇಲ್ದೆ ಬಾಯಿ ಬಿಟ್ಟಾನಾ? ಬಾಗಿಲಲ್ಲಿ ದಿನಾ ಅಂತೀರಲ್ಲ, ಆ ಮಾತು ಅನ್ನಿ!"

ದೊರೆಸಾನಿ ಹೊಗೆಯತ್ತ ತಿರುಗಿದಳು. ತನ್ನ ಭಾಷೆಯಲ್ಲಿ "ಒಳಗೆ ಬಾ, ಮಗು" ಎಂದಳು. ಹತ್ತು ಮಾರು ಆಚೆಯ ಕಲ್ಲಿನ ಬಿರುಕಿನಿಂದ "ಪ್ರೆಸೆಂಟ್, ಮಿಸ್" ಎಂಬ ಸಣ್ಣ ದನಿ ಬಂತು. ಕಾರೆಹಣ್ಣು ಕೀಳುತ್ತ ಹಿಂದುಳಿದವನು ಅಷ್ಟು ಹೊತ್ತೂ ತನ್ನ ಹೆಸರು ಕೇಳಿಸಿಕೊಳ್ಳುತ್ತ, ಹೊಗೆ ಕುಡಿಯುತ್ತ, ಅಪ್ಪಣೆಗೆ ಕಾದಿದ್ದ. ಕಾಟಮ್ಮ ಅವನನ್ನು ಸೊಂಟಕ್ಕೇರಿಸಿಕೊಂಡಳು. ಸೆರಗು ಸುಟ್ಟರೂ ಮೂವರೂ ಉಳಿದು ಕೆಳಗಿಳಿದರು. ಹೇಳುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ, ಜೊತೆಗೆ ನಾಚಿಕೆಯೂ ಆಗುತ್ತದೆ. ನಾನೂ ಎಷ್ಟು ಮಕ್ಕಳನ್ನು ಹೊರಗೆ ನಿಲ್ಲಿಸಿದ್ದೆನೋ!

ಶಾಲೆ ಮುಚ್ಚಿ ಎಷ್ಟೋ ಕಾಲವಾಯಿತು, ಗೋಡೆಗಳೂ ಬಿದ್ದಿವೆ. ತರಗತಿಯ ಕಲ್ಲಿನ ಬಾಗಿಲವಾಡ ಮಾತ್ರ ನಿಂತಿದೆ. ಅದರ ಮಗ್ಗುಲಲ್ಲಿ ಕೀಲು ಕಿತ್ತ ಎರಡು ಕುಳಿಗಳನ್ನು ಈಗಲೂ ಕಾಣಬಹುದು. ಮರುದಿನ ಬೆಳಿಗ್ಗೆ, ಹಾಜರಿ ಕೂಗುವ ಮೊದಲೇ, ದೊರೆಸಾನಿ ಬಡಗಿಯನ್ನು ಕರೆಸಿ ಆ ಕದವನ್ನು ತೆಗೆಸಿಬಿಟ್ಟಳಂತೆ.