ಸಾವಿರ ಕಣ್ಣಿನ ವೀರನೂ ಬೈಸಿಕೊಳ್ಳುವ ಬಡಗಿಯೂ

“ಕೇಳ್ರಪ್ಪೋ ಕೇಳ್ರಿ! ರಾಜಕುಮಾರಿ ಇಂದುಲೇಖೆಯ ಆಟದ ಹಾಸಿನ ಮೇಲಕ್ಕೆ ಲೋಕದಲ್ಲಿ ಯಾರೂ ಕಾಣದ ವೀರನನ್ನು ಮನಸ್ಸಿನಲ್ಲೇ ಕಟ್ಟಿ ತರಬೇಕು. ಆ ವೀರನಾಗಿಯೇ ಮೂರು ಒಗಟು ಬಿಡಿಸಬೇಕು. ಗೆದ್ದವನಿಗೆ ಕೇಳಿದ್ದು ಸಿಗುವುದು. ಸೋತವರ ತಲೆ ಅಮಾವಾಸ್ಯೆಗೆ ಉರುಳುವುದು!”

ಆ ಆಟದಲ್ಲಿ ಆಡುವವನು ತನ್ನ ಮನಸ್ಸಿನಲ್ಲಿ ಹುಟ್ಟಿದ ವೀರನಾಗಿ ಕೂರುತ್ತಿದ್ದ. ದಾಳ ಬಿದ್ದಂತೆ ವೀರನ ಪಾಡು. ಡಂಗುರ ಕೇಳಿದ್ದೇ ತಡ, ಹುಡುಗರ ತಲೆ ತಿರುಗಿತು. ಒಬ್ಬ ಸಿಡಿಲಿಗೆ ಹುಟ್ಟಿದವನಾದ, ಇನ್ನೊಬ್ಬ ಕಡಲನ್ನೇ ಕುಡಿದವನಾದ. ಮೂವತ್ತೊಂಬತ್ತು ಜನ ಸೋತು ಸೆರೆಮನೆ ಸೇರಿದರು. ಕೊನೆಯವನು ಬಡಗಿ ಮೋನಪ್ಪನ ಅಣ್ಣ ರಾಚಪ್ಪ. ಅವನು ಸಾವಿರ ಕಣ್ಣಿನ ವೀರನಾಗಿ ಹೋಗಿದ್ದ.

ಅಮಾವಾಸ್ಯೆಗೆ ಒಂದೇ ದಿನ ಉಳಿದಿತ್ತು. ಅಣ್ಣನನ್ನು ಬಿಡಿಸಲು ಬೇರೆ ದಾರಿ ಕಾಣದೆ ಮೋನಪ್ಪ ಉಳಿ ಕೆಳಗಿಟ್ಟು ಅರಮನೆಗೆ ನಡೆದ.

ನಿನ್ನ ವೀರ ಯಾರೆಂದು ರಾಜಕುಮಾರಿ ಕೇಳಿದಳು.

“ಬಡಗಿರೀ ತಾಯಿ. ಹೊತ್ತಿಗೆ ಸರಿಯಾಗಿ ಉಣ್ಣಾಕ ಹೋಗದಿದ್ರ ಅತ್ತಿಗೆವ್ವನ ಕೈಲಿ ಬೈಸ್ಕೋತಾನ.”

ಸಭೆ ಹೊಟ್ಟೆ ಹಿಡಿದು ನಕ್ಕಿತು. ಆದರೆ ಅಂಥ ವೀರ ಅಲ್ಲಿಗೆ ಎಂದೂ ಬಂದಿರಲಿಲ್ಲ, ರಾಜಕುಮಾರಿ ಒಪ್ಪಲೇಬೇಕಾಯಿತು. ಮೊದಲ ಒಗಟು ಹಾಕಿದಳು.

“ಕೈಯಲ್ಲಿರುವ ತನಕ ಮೂಕ, ಕೈಬಿಟ್ಟ ಕೂಡಲೇ ಮಾತಾಡುತ್ತದೆ. ಅದರ ಮಾತನ್ನು ಮಹಾರಾಜರೂ ಮೀರುವಂತಿಲ್ಲ. ಯಾವುದದು?”

ತಮ್ಮನ್ನು ಮೀರಿದ್ದು ಯಾವುದೂ ಇಲ್ಲವೆಂದು ಬೀಗಿ ಎಷ್ಟೋ ವೀರರು ಇಲ್ಲೇ ಮುಗ್ಗರಿಸಿದ್ದರು. ಮೋನಪ್ಪ ರಾಜಕುಮಾರಿಯ ಕೈಯಲ್ಲಿದ್ದ ದಾಳವನ್ನು ತೋರಿಸಿದ; ಅದನ್ನು ಅರಮನೆಗೆ ಕೆತ್ತಿಕೊಟ್ಟವನು ಅವನೇ.

“ಹುಟ್ಟಿದಂದಿನಿಂದ ಜೊತೆಗಿದೆ, ಒಂದು ದಿನವೂ ಎದುರಿಗೆ ಬಂದಿಲ್ಲ. ಯಾವುದದು?”

ಸಾವಿರ ಕಣ್ಣಿನವನು ತಾನು ಕಾಣದ್ದು ಏನೂ ಇಲ್ಲವೆಂದು ಜಂಬ ಕೊಚ್ಚಿ ಸೋತದ್ದು ಇದಕ್ಕೇ. ಮೋನಪ್ಪನಿಗೆ ಬೆವರಿಗೆ ಬೆನ್ನು ತುರಿಸಿತು, ಕೈ ಎಟುಕಲಿಲ್ಲ. ಉತ್ತರ ಹೊಳೆದೇ ಬಿಟ್ಟಿತು.

“ನನ್ನ ಬೆನ್ನುರೀ.”

ಸಭೆಯ ನಗು ನಿಂತಿತು. ಮೂರನೆಯ ಒಗಟಿನ ತನಕ ಯಾರೂ ಬಂದಿರಲಿಲ್ಲ.

“ಮೂವತ್ತೊಂಬತ್ತು ವೀರರು, ಒಬ್ಬನಂತೆ ಒಬ್ಬನಿಲ್ಲ. ಆದರೂ ಎಲ್ಲರಿಗೂ ಒಂದೇ ಕೊರತೆ. ಏನದು?”

“ಉಂಡಿಯೇನಪ್ಪಾ ಅಂತ ಕೇಳೋರು ಒಬ್ಬರಿಗೂ ಇರಲಿಲ್ಲರೀ.”

ಸರಿ, ಗೆದ್ದೆ ಎಂದು ರಾಜಕುಮಾರಿ ನಕ್ಕಳು. ಮೋನಪ್ಪ ನಗಲಿಲ್ಲ.

“ಆ ವೀರರಿಗೆ ಇರಲಿಲ್ಲ ತಾಯಿ. ಆಡಿದ ಹುಡುಗರಿಗೆ ಅದಾರ. ಕಿಟಕಿ ತೆಗೆದು ನೋಡ್ರಿ.”

ರಾಜಕುಮಾರಿ ಕಿಟಕಿ ತೆಗೆದಳು. ಕೋಟೆ ಬಾಗಿಲ ಮುಂದೆ ಬುತ್ತಿ ಗಂಟು ಹಿಡಿದ ಹೆಂಗಸರು ಸಾಲಾಗಿ ಕೂತಿದ್ದರು. ತಾನು ಕಡಿಸಲು ಹೊರಟದ್ದು ನಿಜವಾದ ತಲೆಗಳನ್ನು ಎಂಬುದು ಅವಳಿಗೆ ಆಗ ತಟ್ಟಿತು. ಅವಳ ಕೈಯಿಂದ ದಾಳ ಜಾರಿತು, ಅದು ಎಷ್ಟು ಬಿತ್ತೆಂದು ಯಾರೂ ನೋಡಲಿಲ್ಲ.

ಗೆದ್ದದ್ದಕ್ಕೆ ಮೋನಪ್ಪ ಆ ಮೂವತ್ತೊಂಬತ್ತು ಜನರನ್ನು ಬಿಟ್ಟುಕೊಡಬೇಕೆಂದು ಕೇಳಿದ. ಅವಳು ಅವರನ್ನೂ ಕೊಟ್ಟಳು, ಆಟದ ಹಾಸನ್ನೂ ಅವನ ವಶಕ್ಕೆ ಕೊಟ್ಟಳು.

ಬಾಗಿಲಲ್ಲಿ ಅತ್ತಿಗೆ ಗಂಗವ್ವ ಅಣ್ಣತಮ್ಮಂದಿರಿಬ್ಬರನ್ನೂ ಕಂಡಳು. ಹೊತ್ತು ಮೀರಿತ್ತು, ರೊಟ್ಟಿ ಆರಿತ್ತು. ಬೈಯಲೆಂದು ಬಾಯಿ ತೆರೆದಳು; ಮದುವೆಯಾಗಿ ಬಂದ ಮೇಲೆ ಮೊದಲ ಸಲ ಅವಳಿಗೆ ಬೈಗುಳ ಬರಲಿಲ್ಲ.